ಕೊನೆಯ ಲೋಕಲ್ಲಿಗೆ ಮೊದಲು

(ಪವಾಯಿ ಕೆರೆಯ ದಂಡೆ, ಶನಿವಾರದ ಸಂಜೆ. ಒಬ್ಬರು ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯಲ್ಲೂ ರಾತ್ರಿ ಶಾಲೆಯಲ್ಲೂ ಪಾಠ ಹೇಳಿ ನಿವೃತ್ತರಾದ ಟೀಚರ್. ಇನ್ನೊಬ್ಬ ಅವರ ಹಳೆಯ ವಿದ್ಯಾರ್ಥಿ, ಈಗ ಪವಾಯಿಯ ಕಂಪನಿಯೊಂದರಲ್ಲಿ ಇಂಜಿನಿಯರ್.)

ಶಿಷ್ಯ: ಟೀಚರ್, ನೀವು ಕೊಟ್ಟ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದೆ. ಒಂದು ದೂರು ಉಂಟು. ನಮ್ಮ ಸಾಹಿತಿಗಳಿಗೆ ಬಿಡುವು ಕಂಡರೆ ಆಗುವುದೇ ಇಲ್ಲ. ಕಥೆಯಲ್ಲಿ ಯಾರಾದರೂ ಸುಮ್ಮನೆ ಕೂತರೆ ಸಾಕು, ಅವನು ಹಾಳಾದ ಎಂದೇ ಲೆಕ್ಕ. ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಲಚ್ಚ ಪೇಟೆಗೆ ಓದಲು ಹೋಗಿ ಹೋಟೆಲು, ಜೂಜು ಎಂದು ಕಲಿತ; ಮನೆ ಮುಳುಗಿತು. ಪ್ರೇಮಚಂದರು 1924ರಲ್ಲಿ ಬರೆದ ಚದುರಂಗದ ಕಥೆಯಲ್ಲಿ ಲಖನೌದ ಇಬ್ಬರು ಜಹಗೀರುದಾರರು ಆಟಕ್ಕೆ ಕೂತರು; ಅವಧ್ ರಾಜ್ಯವೇ ಕಂಪನಿ ಸರಕಾರದ ಪಾಲಾಯಿತು. ಆಟ ಆಡಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆಯಾ?

ಟೀಚರ್: ಲಚ್ಚನನ್ನು ನೋಡಿದೆ, ಸರಿ. ಅದೇ ಕಾದಂಬರಿಯಲ್ಲಿ ಪಾರೋತಿ, ಸರಸೋತಿಯರನ್ನು ನೋಡಿದೆಯಾ? ಗದ್ದೆಯ ಕೆಲಸ, ಸೌದೆ, ಸೊಪ್ಪು, ಅಡುಗೆ, ಮಳೆಗಾಲದ ನೆರೆ. ಅಷ್ಟು ಪುಟಗಳಲ್ಲಿ ಆ ಇಬ್ಬರು ಹೆಂಗಸರು ಕಾಲು ಚಾಚಿ ಕೂತದ್ದು ಎಷ್ಟು ಸಲ, ಹುಡುಕಿ ನೋಡು. ರಾಮ ಐತಾಳರಿಗೆ ಜಗಲಿ ಉಂಟು. ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕುವ ಹಕ್ಕೂ ಉಂಟು. ಕಾರಂತರಿಗೆ ಸಿಟ್ಟು ಇದ್ದದ್ದು ಲಚ್ಚ ಆಡಿದ ಎಂದಲ್ಲ ಮಾರಾಯ. ಅವನ ಆಟದ ಖರ್ಚು ಆ ಹೆಂಗಸರ ಸೊಂಟದ ಮೇಲೆ ಬಿತ್ತಲ್ಲ, ಅದಕ್ಕೆ. ಪ್ರೇಮಚಂದರದ್ದೂ ಅದೇ ಲೆಕ್ಕ. ಆ ಜಹಗೀರುದಾರರು ಹೊಟ್ಟೆಗೆ ದುಡಿದವರಲ್ಲ. ಯಾರೋ ರೈತ ಉತ್ತು ಬಿತ್ತಿದ ಕಂದಾಯದ ಮೇಲೆ ಅವರ ಹಾಸು ಹರಡಿಕೊಂಡಿತ್ತು.

ಶಿಷ್ಯ: ಹಾಗಾದರೆ ಬಿಡುವಿನ ಕಥೆ ಓದುವಾಗ ಅದರ ಬಿಲ್ ಯಾರು ಕೊಟ್ಟರು ಎಂದು ಕೇಳಬೇಕು ಎನ್ನುತ್ತೀರಿ.

ಟೀಚರ್: ಅದನ್ನೂ ಕೇಳಬೇಕು. ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಉಂಟು: ಎಲ್ಲಿ ಕೂತರು? ಮುಂಬಯಿಯಲ್ಲಿ ನಲವತ್ತು ವರ್ಷ ಇದ್ದ ಮೇಲೆ ನನಗೆ ಖಚಿತವಾದದ್ದು ಇಷ್ಟೆ. ಬಡವನಿಗೂ ಒಂದರ್ಧ ಗಂಟೆ ಹೇಗೋ ಸಿಗುತ್ತದೆ. ಆ ಅರ್ಧ ಗಂಟೆ ಕೂರಲಿಕ್ಕೆ ಜಾಗ ಸಿಗುವುದಿಲ್ಲ. ಸಿಕ್ಕಿದರೂ ಐದು ನಿಮಿಷದಲ್ಲಿ ಯಾರಾದರೂ ಬಂದು "ಇಲ್ಲೇನು ಕೆಲಸ" ಎಂದು ಕೇಳುತ್ತಾರೆ. ಒಳ್ಳೆಯ ಕಥೆಗಾರರಿಗೆ ಇದು ಗೊತ್ತಿತ್ತು. ಅವರು ಗಂಟೆಯನ್ನು ಹೇಳುವುದಕ್ಕಿಂತ ಹೆಚ್ಚಾಗಿ ಜಾಗವನ್ನು ಹೇಳಿದರು.

ಶಿಷ್ಯ: ಉದಾಹರಣೆ?

ಟೀಚರ್: ಜಯಂತ ಕಾಯ್ಕಿಣಿಯವರ 'ಒಪೆರಾ ಹೌಸ್' ಓದಿದೆಯಲ್ಲ?

ಶಿಷ್ಯ: ಓದಿದೆ. ಸಿನಿಮಾ ಥಿಯೇಟರಿನಲ್ಲಿ ಕಸ ಗುಡಿಸುವ ಇಂದ್ರನೀಲನ ಕಥೆ.

ಟೀಚರ್: ನಿಧಾನವಾಗಿ ಇನ್ನೊಮ್ಮೆ ನೆನಪು ಮಾಡಿಕೊ. ಒಂದು ಆಟ ಬಿಟ್ಟು ಇನ್ನೊಂದು ಆಟ ಶುರುವಾಗುವ ನಡುವಿನ ಹೊತ್ತು. ಜನ ಎದ್ದು ಹೋಗಿದ್ದಾರೆ. ಅವನು ಸೀಟುಗಳ ಸಾಲಿನಲ್ಲಿ ಬಗ್ಗಿಕೊಂಡು ಗುಡಿಸುತ್ತ ಬರುತ್ತಾನೆ. ಜನ ಮರೆತು ಬಿಟ್ಟುಹೋದ ವಸ್ತುಗಳು ಅವನ ಕೈಗೆ ಸಿಗುತ್ತವೆ. ಒಂದು ದಿನ ಥರ್ಮಾಸ್ ಫ್ಲಾಸ್ಕ್ ಸಿಗುತ್ತದೆ. ಇದನ್ನು ಯಾರು ತಂದರು, ಯಾರಿಗೆಂದು ಒಯ್ಯುತ್ತಿದ್ದರು ಎಂಬ ಯೋಚನೆ ಅವನನ್ನು ಬಿಡುವುದಿಲ್ಲ. ಈಗ ಹೇಳು, ಸಿನಿಮಾ ನೋಡುವ ಸುಖದ ಬಗ್ಗೆ ಬರೆಯಬೇಕೆಂದರೆ ನೀನು ಎಲ್ಲಿಂದ ಶುರು ಮಾಡುತ್ತಿದ್ದೆ?

ಶಿಷ್ಯ: ಪರದೆಯಿಂದ. ಇಲ್ಲವೇ ಟಿಕೆಟಿನ ಸಾಲಿನಿಂದ.

ಟೀಚರ್: ಎಲ್ಲರೂ ಹಾಗೇ ಮಾಡುತ್ತಾರೆ. ಈ ಕಥೆ ದೀಪ ಹತ್ತಿದ ಮೇಲೆ, ಖಾಲಿ ಸೀಟುಗಳ ನಡುವೆ, ಪೊರಕೆ ಹಿಡಿದವನಿಂದ ಶುರುವಾಗುತ್ತದೆ. ಮೂರು ಗಂಟೆ ಮೈಮರೆಯಲು ಬಂದವರ ಜೀವನ ಅವನಿಗೆ ಗೊತ್ತಾಗುವುದು ಅವರು ಬೀಳಿಸಿಕೊಂಡು ಹೋದ ಸಾಮಾನಿನಿಂದ. ಅವನು ಅವರನ್ನು ಹಳಿಯುವುದಿಲ್ಲ, ಅಸೂಯೆಯನ್ನೂ ಪಡುವುದಿಲ್ಲ. ಬೇರೆಯವರ ಬಿಡುವಿನ ಕಸದ ನಡುವೆ ಅವನಿಗೆ ಅವರ ಬಗ್ಗೆ ಕಾಳಜಿ ಹುಟ್ಟುತ್ತದೆ. ಅಷ್ಟರಲ್ಲಿ ಥಿಯೇಟರೇ ಮುಚ್ಚುವ ಸುದ್ದಿ. ನಿಜವಾದ ರಾಯಲ್ ಒಪೆರಾ ಹೌಸ್ 1911ರಲ್ಲಿ ಶುರುವಾಯಿತು, ಆಮೇಲೆ ಸಿನಿಮಾ ಥಿಯೇಟರ್ ಆಯಿತು, 1993ರಲ್ಲಿ ಬಾಗಿಲು ಹಾಕಿತು. 2016ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು. ಈಗ ಹೋಗಿ ನೋಡು, ಚಿನ್ನದ ಬಣ್ಣ ಹೊಳೆಯುತ್ತದೆ. ಬಹಳ ಚಂದ ಮಾಡಿದ್ದಾರೆ, ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಇಂದ್ರನೀಲನಂಥವನ ಪಾಲಿಗೆ ಆ ಇಪ್ಪತ್ಮೂರು ವರ್ಷ ಏನಾಗಿದ್ದೀತು ಎಂಬುದಕ್ಕೆ ಕಥೆ ಬಿಟ್ಟರೆ ಬೇರೆ ದಾಖಲೆ ಇಲ್ಲ.

ಶಿಷ್ಯ: ಇನ್ನೊಂದು ಗಮನಿಸಿದೆ ಟೀಚರ್. ಕಾಯ್ಕಿಣಿಯವರ ಮುಂಬಯಿ ಕಥೆಗಳಲ್ಲಿ ಮದುವೆ, ಸಿನಿಮಾ, ಮೆರವಣಿಗೆ ಎಲ್ಲ ಬರುತ್ತವೆ. ಆದರೆ ನಮ್ಮ ಕಣ್ಣು ಅತಿಥಿಗಳ ಕಡೆ ಹೋಗುವುದಿಲ್ಲ. ದಗಡೂ ಪರಬನ ಕಥೆಯಲ್ಲಿ ಮದುಮಗನನ್ನು ಹೊತ್ತ ಕುದುರೆಯೇ ಮೆರವಣಿಗೆಯಿಂದ ಓಡಿಹೋಗುತ್ತದೆ. 'ತೂಫಾನ್ ಮೇಲ್'ನಲ್ಲಿ ಸಿನಿಮಾದ ಸ್ಟಂಟ್ ಮಾಡುವವರ ಬದುಕು. ಜನರ ಮನರಂಜನೆಯ ಹಿಂಬಾಗಿಲಿನಲ್ಲಿ ನಿಂತು ಬರೆದ ಹಾಗೆ.

ಟೀಚರ್: ಸರಿಯಾಗಿ ಓದಿದ್ದೀ. ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಊರಿನಲ್ಲಿ ಔಷಧ ಕಂಪನಿಯ ನೌಕರಿ ಮಾಡಿಕೊಂಡು ಬರೆದವರು ಅವರು. ಹೊತ್ತಿಗೆ ಎಷ್ಟು ಬೆಲೆ ಎಂದು ರೈಲಿನಲ್ಲಿ ನಿಂತೇ ಕಲಿತವರು. ಯಶವಂತ ಚಿತ್ತಾಲರೂ ಹಾಗೆಯೇ. ಹನೇಹಳ್ಳಿಯಿಂದ ಬಂದವರು, ಪ್ಲಾಸ್ಟಿಕ್ಕಿಗೆ ಬೇಕಾದ ರಾಳಗಳ ರಸಾಯನ ತಂತ್ರಜ್ಞರು, ಹಗಲು ಕಂಪನಿ, ಉಳಿದ ಹೊತ್ತು ಬರವಣಿಗೆ. ಅವರ 'ಶಿಕಾರಿ' ಹೇಗನ್ನಿಸಿತು?

ಶಿಷ್ಯ: ಭಯ ಆಯಿತು. 1979ರ ಕಾದಂಬರಿ ಎಂದು ಅನ್ನಿಸಲೇ ಇಲ್ಲ. ಕಾರಣ ಸರಿಯಾಗಿ ತಿಳಿಸದೆ ನಾಗಪ್ಪನನ್ನು ಕೆಲಸದಿಂದ ಅಮಾನತು ಮಾಡುತ್ತಾರೆ. ಅಲ್ಲಿಂದ ಮುಂದೆ ಅವನಿಗೆ ಹೊತ್ತೋ ಹೊತ್ತು. ನಮ್ಮಲ್ಲಿ ಕಳೆದ ವರ್ಷ ಒಂದಷ್ಟು ಜನರನ್ನು ತೆಗೆದರು. ಹಿಂದಿನ ದಿನದ ತನಕ ರಜೆ ಬೇಕು, ರಜೆ ಬೇಕು ಎನ್ನುತ್ತಿದ್ದವರು. ಮಾರನೆಯ ದಿನದಿಂದ ಬೆಳಿಗ್ಗೆ ಮಾಮೂಲಿನಂತೆ ಷರ್ಟು ಹಾಕಿಕೊಂಡು ಮನೆಯಿಂದ ಹೊರಟು ಈ ಕೆರೆಯ ಸುತ್ತ ಕೂತಿರುತ್ತಿದ್ದ ಒಬ್ಬನನ್ನು ನಾನು ಬಲ್ಲೆ. ಮನೆಯಲ್ಲಿ ಹೇಳಿರಲಿಲ್ಲ. ಅವನಿಗೆ ಇಲ್ಲಿ ಜಾಗವೂ ಇತ್ತು, ಹೊತ್ತೂ ಇತ್ತು. ಬಿಡುವು ಇತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಟೀಚರ್: ಪಾಪ. ನಾಗಪ್ಪನ ತಳಮಳವೂ ಅದೇ. ಮುಂಬಯಿಗೆ ಬಂದ ನಮ್ಮ ಊರಿನ ಮೊದಲ ತಲೆಮಾರಿನ ಮಧ್ಯಮ ವರ್ಗದವರಿಗೆ ಕೆಲಸ ಎಂದರೆ ಹೆಸರು, ಮನೆ, ಮರ್ಯಾದೆ ಎಲ್ಲವೂ. ಅದು ಹೋದರೆ ಹೊತ್ತು ಹಾವಿನ ಹಾಗೆ ಹೆಡೆ ಎತ್ತುತ್ತದೆ. ಸಂಬಳದ ಕೆಲಸಕ್ಕೆ ಒಗ್ಗಿದ ಸಮಾಜದಲ್ಲಿ ಮಾತ್ರ ಇಂಥ ಭಯ ಹುಟ್ಟಲು ಸಾಧ್ಯ. ಹಳ್ಳಿಯಲ್ಲಿ ಮಳೆಗಾಲದ ಆಷಾಢಕ್ಕೆ ಸುಮ್ಮನೆ ಕೂತ ರೈತನಿಗೆ ಹಸಿವೆಯ ಚಿಂತೆ ಇದ್ದೀತು, ನಾನು ಯಾರು ಎಂಬ ಚಿಂತೆ ಇರಲಿಲ್ಲ.

ಶಿಷ್ಯ: ಆದರೆ ವಾರದ ರಜೆ ಎನ್ನುವುದೇ ಈ ಊರಿನಲ್ಲಿ ಹೋರಾಡಿ ಪಡೆದದ್ದಲ್ಲವಾ? ನಾರಾಯಣ ಮೇಘಾಜಿ ಲೋಖಂಡೆಯವರ ಬಗ್ಗೆ ಶಾಲೆಯಲ್ಲಿ ನೀವೇ ಹೇಳಿದ್ದಿರಿ.

ಟೀಚರ್: ಹೌದು. ಮಹಾತ್ಮಾ ಫುಲೆಯವರ ಜೊತೆಗಾರ. ಗಿರಣಿ ಕಾರ್ಮಿಕರನ್ನು ಕೂಡಿಸಿ ವರ್ಷಗಟ್ಟಲೆ ಅರ್ಜಿ ಹಾಕಿ, ಸಭೆ ನಡೆಸಿ, 1890ರ ಜೂನ್‌ನಲ್ಲಿ ಮಿಲ್ ಮಾಲಕರಿಂದ ರವಿವಾರದ ರಜೆ ಒಪ್ಪಿಸಿಕೊಂಡರು. ಅದಕ್ಕೆ ಮೊದಲು ಗಿರಣಿಯವನಿಗೆ ಹಬ್ಬ ಬಂದರೆ ರಜೆ, ಯಂತ್ರ ತೊಳೆಯುವ ದಿನ ಅರ್ಧ ರಜೆ. ಆ ರವಿವಾರಗಳಲ್ಲಿ ಗಿರಣಿ ಕೇರಿಯಾದ ಗಿರಣಗಾಂವ್‌ನಲ್ಲಿ ತಮಾಷಾ, ಭಜನೆ, ಕಲಾಪಥಕ ಎಲ್ಲ ಬೆಳೆದವು. ಆದರೆ ನಮ್ಮ ಉಡುಪಿ, ಕುಂದಾಪುರದ ಹೋಟೆಲ್ ಹುಡುಗರಿಗೆ ಆ ರವಿವಾರ ಬರಲಿಲ್ಲ. ಉಳಿದವರ ರಜೆಯ ದಿನವೇ ಹೋಟೆಲಿನಲ್ಲಿ ಗದ್ದಲ ಜಾಸ್ತಿ. 1948ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ವಾರಕ್ಕೊಂದು ರಜೆ ಕೊಡಬೇಕು ಎಂದಿತು. ಕಾಯಿದೆ ಕಾಗದದಲ್ಲಿತ್ತು, ಹುಡುಗರು ಹಿಟ್ಟು ರುಬ್ಬುವ ಕಲ್ಲಿನ ಹತ್ತಿರ ಇದ್ದರು.

ಶಿಷ್ಯ: ನಿಮ್ಮ ರಾತ್ರಿ ಶಾಲೆಯ ಹುಡುಗರು.

ಟೀಚರ್: ಅವರೇ. ಸಂಜೆ ಆರೂವರೆಗೆ ಕ್ಲಾಸು. ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗನ ಬೆರಳ ತುದಿಗಳು ಯಾವಾಗಲೂ ಸುಕ್ಕುಗಟ್ಟಿ ಬೆಳ್ಳಗೆ ಇರುತ್ತಿದ್ದವು; ಇಡೀ ಮಧ್ಯಾಹ್ನ ಲೋಟ ತೊಳೆದ ಕೈ. ಪುಸ್ತಕದ ಹಾಳೆ ಮಗುಚಿದರೆ ಒದ್ದೆ ಗುರುತು ಬೀಳುತ್ತಿತ್ತು. ಪದ್ಯ ಹೇಳಿಕೊಡುವಾಗ ಕೆಲವರು ನಿದ್ದೆ ಹೋಗುತ್ತಿದ್ದರು, ನಾನು ಎಬ್ಬಿಸುತ್ತಿರಲಿಲ್ಲ. ದಿನದಲ್ಲಿ ಅವರಿಗೆ ಇದ್ದದ್ದು ಆ ಮೂರು ಗಂಟೆ. ಬೇರೆಯವರಾದರೆ ಸಿನಿಮಾಕ್ಕೋ ಚೌಪಾಟಿಗೋ ಹೋಗುತ್ತಿದ್ದರು, ಇವರು ವ್ಯಾಕರಣ ಕಲಿಯಲು ಬಂದರು. ಈ ಊರಿನ ಕನ್ನಡ ಲೇಖಕರಲ್ಲಿ, ಪತ್ರಕರ್ತರಲ್ಲಿ, ಹೋಟೆಲ್ ಮಾಲಕರಲ್ಲಿ ಎಷ್ಟೋ ಜನ ಹಾಗೆ ರಾತ್ರಿ ಓದಿ ಮೇಲೆ ಬಂದವರು. ಆ ಮೂರು ಗಂಟೆಯ ಮೇಲೆ ಒಂದು ದೊಡ್ಡ ಕಾದಂಬರಿ ಬರಬೇಕಿತ್ತು. ನನ್ನ ಓದಿನ ಮಟ್ಟಿಗೆ, ಅದರ ಎತ್ತರಕ್ಕೆ ತಕ್ಕ ಕೃತಿ ಇನ್ನೂ ಬಂದಿಲ್ಲ. ವ್ಯಾಸರಾಯ ಬಲ್ಲಾಳರು 'ಬಂಡಾಯ'ದಲ್ಲಿ ಕಾರ್ಮಿಕ ಸಂಘಟನೆಯ ಒಳಹೊರಗನ್ನು ಬರೆದರು, 1986ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಕೆಲಸದ ಕಥೆ, ಮುಷ್ಕರದ ಕಥೆ ಬಂತು. ಕೆಲಸ ಮುಗಿದ ಮೇಲಿನ ಕಥೆ ಬಾಕಿ ಉಳಿಯಿತು.

ಶಿಷ್ಯ: ಯಕ್ಷಗಾನವನ್ನು ಮರೆತಿರಿ. ನನ್ನ ಅಪ್ಪನಿಗೆ ಇದ್ದ ಒಂದೇ ಒಂದು ಬಿಡುವು ಅದು. ಜುಲೈ, ಆಗಸ್ಟ್ ಬಂದರೆ ಮನೆಯಲ್ಲಿ ಅವರು ಬೇರೆಯೇ ಮನುಷ್ಯ.

ಟೀಚರ್: ಮರೆಯಲಿಲ್ಲ, ಅಲ್ಲಿಗೇ ಬರುತ್ತಿದ್ದೆ. ಊರಿನಲ್ಲಿ ಮಳೆಗಾಲಕ್ಕೆ ಮುನ್ನ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆ ಹಿಡಿದ ಮೇಲೆ ಬಯಲಾಟ ಇಲ್ಲ. ಆಗ ಕಲಾವಿದರು ಮುಂಬಯಿಗೆ ಬರುತ್ತಾರೆ. ಊರಿನವನ ಬಿಡುವಿನ ತಿಂಗಳು ಕಲಾವಿದನಿಗೆ ದುಡಿಮೆಯ ತಿಂಗಳು. ಇಲ್ಲಿ ಸಭಾಂಗಣದಲ್ಲಿ ಆಟ, ತಾಳಮದ್ದಳೆ. ಆದರೆ ಇಡೀ ರಾತ್ರಿಯ ಪ್ರಸಂಗ ಇಲ್ಲಿ ಮೂರು, ನಾಲ್ಕು ಗಂಟೆಗೆ ಬಂತು. ಯಾಕೆ ಹೇಳು?

ಶಿಷ್ಯ: ಕೊನೆಯ ಲೋಕಲ್.

ಟೀಚರ್: ಅದೇ. ಮಾಟುಂಗದಲ್ಲಿ ಕೂತು ಆಟ ನೋಡುವವನು ಡೊಂಬಿವಲಿಗೋ ವಸಾಯಿಗೋ ಮುಟ್ಟಬೇಕು. ಖಳನ ಪ್ರವೇಶ ಆಗುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಕುರ್ಚಿ ಸದ್ದು. ಭಾಗವತರಿಗೂ ಅದು ಗೊತ್ತು, ಪದ್ಯಗಳನ್ನು ಮೊದಲೇ ಕತ್ತರಿಸಿಟ್ಟುಕೊಂಡಿರುತ್ತಾರೆ. ಊರಿನಲ್ಲಾದರೆ ನಡುರಾತ್ರಿ ಸ್ವಲ್ಪ ನಿದ್ದೆ ಮಾಡಿ, ಚರುಂಬುರಿ ತಿಂದು, ಮತ್ತೆ ಎದ್ದು ಬೆಳಗಿನ ಜಾವದ ಯುದ್ಧ ನೋಡುತ್ತಿದ್ದೆವು. ನಿದ್ದೆಯೂ ಆಟದ ಒಳಗೇ ಸೇರಿತ್ತು. ಈಗ ಊರಿನಲ್ಲೂ ಕಾಲಮಿತಿ ಬಂದಿದೆ, ಧರ್ಮಸ್ಥಳ ಮೇಳವೂ ಅದಕ್ಕೆ ಬದಲಾಯಿತು. ಹಳಬರು ಬೇಸರ ಮಾಡಿಕೊಂಡರು. ಆದರೆ ಬೆಳಿಗ್ಗೆ ಬಸ್ಸು ಹಿಡಿಯಬೇಕಾದ ಗುಮಾಸ್ತನಿಗೆ, ಮರುದಿನ ಪರೀಕ್ಷೆ ಇರುವ ಹುಡುಗಿಗೆ, ಕಾಲಮಿತಿ ಇಲ್ಲದಿದ್ದರೆ ಆಟವೇ ಇಲ್ಲ. ನಾನು ಆ ಹುಡುಗಿಯ ಕಡೆ.

ಶಿಷ್ಯ: ಕೈರೋದಲ್ಲೂ ಹೀಗೆಯೇ ಆಗಿತ್ತು. ನಜೀಬ್ ಮಹ್ಫೂಜ್ 1947ರಲ್ಲಿ ಬರೆದ ಮಿದಾಕ್ ಗಲ್ಲಿಯ ಕಾದಂಬರಿ ಉಂಟಲ್ಲ, ಅದರ ಮೊದಲ ಅಧ್ಯಾಯದಲ್ಲೇ ಕಿರ್ಶಾನ ಕಾಫಿ ಅಂಗಡಿ ಬರುತ್ತದೆ. ವರ್ಷಗಟ್ಟಲೆ ಅಲ್ಲಿ ತಂತಿವಾದ್ಯ ಹಿಡಿದು ವೀರರ ಕಥೆ ಹಾಡುತ್ತಿದ್ದ ಮುದುಕನೊಬ್ಬ ಎಂದಿನಂತೆ ಬಂದು ಕೂರುತ್ತಾನೆ. ಅಂಗಡಿಯವನು ಅವನನ್ನು ಹೊರಟು ಹೋಗು ಎನ್ನುತ್ತಾನೆ. ಗೋಡೆಗೆ ರೇಡಿಯೋ ಕೂರಿಸುತ್ತಿದ್ದಾರೆ, ಈ ಕಥೆಗಳೆಲ್ಲ ಜನರಿಗೆ ಬಾಯಿಪಾಠ ಆಗಿವೆ. ನನಗೆ ನಮ್ಮ ಭಾಗವತರೇ ಕಣ್ಣ ಮುಂದೆ ಬಂದರು.

ಟೀಚರ್: ನೋಡು, ಎರಡನೆಯ ಮಹಾಯುದ್ಧದ ಕಾಲದ ಆ ಗಲ್ಲಿಯಲ್ಲಿ ಎಷ್ಟೋ ಬದಲಾವಣೆ ನಡೆಯುತ್ತಿತ್ತು. ಬ್ರಿಟಿಷ್ ಸೈನ್ಯದ ಶಿಬಿರದಲ್ಲಿ ಕೆಲಸ, ಹೊಸ ದುಡ್ಡು, ಹೊಸ ಬಟ್ಟೆ. ಅದನ್ನೆಲ್ಲ ಹೇಳುವ ಮೊದಲು ಲೇಖಕ ಜನರು ಸಂಜೆ ಹೇಗೆ ಕಳೆಯುತ್ತಾರೆ ಎಂದು ತೋರಿಸಿದ. ಊರು ಬದಲಾದದ್ದು ಮೊದಲು ಗೊತ್ತಾಗುವುದು ಅಲ್ಲಿಯೇ. ದುಡಿಮೆ ಬದಲಾದರೆ ಮನುಷ್ಯ ಹೇಗೋ ಒಗ್ಗಿಕೊಳ್ಳುತ್ತಾನೆ, ಹೊಟ್ಟೆಪಾಡು. ಸಂಜೆ ಯಾರ ಹತ್ತಿರ ಕೂರುವುದು ಎನ್ನುವುದು ಬದಲಾದರೆ ಒಳಗೇ ಏನೋ ಕಳಚುತ್ತದೆ.

ಶಿಷ್ಯ: ಹಾಗಾದರೆ ನನ್ನ ನಿಜವಾದ ದೂರು ಕೇಳಿ ಟೀಚರ್. ನೀವು ಹೇಳಿದ ಮುಂಬಯಿ ಗಿರ್‌ಗಾಂವ್, ಮಾಟುಂಗ, ಫೋರ್ಟ್. ನನ್ನ ಪವಾಯಿ ಯಾವ ಕಥೆಯಲ್ಲಿ ಉಂಟು? ಎದುರಿಗೆ ನೋಡಿ. ಈ ದಂಡೆಯಲ್ಲಿ ಐಐಟಿ, ಆಚೆಗೆ ಎಲ್ ಆ್ಯಂಡ್ ಟಿ, ಅಲ್ಲಿ ಹಿರಾನಂದಾನಿಯ ಕಂಬ ಕಮಾನಿನ ಗೋಪುರಗಳು. ನಮ್ಮ ಆಫೀಸಿನ ಒಳಗೇ ಟೇಬಲ್ ಟೆನಿಸ್, ಮೆತ್ತೆ ಹಾಕಿದ ಕೋಣೆ, ಬೇಕೆನಿಸಿದಷ್ಟು ಕಾಫಿ. ಬಿಡುವನ್ನು ಕಂಪನಿಯೇ ಕಟ್ಟಿಸಿಕೊಟ್ಟಿದೆ. ರಾತ್ರಿ ಒಂಬತ್ತಕ್ಕೂ ನಾನು ಅಲ್ಲೇ ಇರುತ್ತೇನೆ. ಆಡುತ್ತಿದ್ದೇನೋ ದುಡಿಯುತ್ತಿದ್ದೇನೋ ನನಗೇ ಗೊತ್ತಾಗುವುದಿಲ್ಲ. ಇದನ್ನು ಯಾರು ಬರೆದಿದ್ದಾರೆ?

ಟೀಚರ್: ಪವಾಯಿಯನ್ನೇ ಅಲ್ಲದಿದ್ದರೂ ಹತ್ತಿರದ್ದನ್ನು ವಿವೇಕ ಶಾನಭಾಗ ಬರೆದಿದ್ದಾರೆ. 'ಘಾಚರ್ ಘೋಚರ್'.

ಶಿಷ್ಯ: ಅದು ಬೆಂಗಳೂರು.

ಟೀಚರ್: ಬೆಂಗಳೂರಾದರೇನು? ಇಕ್ಕಟ್ಟಿನ ಮನೆಯಿಂದ ದೊಡ್ಡ ಮನೆಗೆ ಹೋದ ಸಂಸಾರ. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕುದುರಿತು. ಕಥೆ ಹೇಳುವವನು ಹೆಸರಿಗೆ ಕಂಪನಿಯ ನಿರ್ದೇಶಕ, ಸಂಬಳ ಬರುತ್ತದೆ, ಕೆಲಸ ಇಲ್ಲ. ದಿನಾ ಕಾಫಿ ಹೌಸಿನಲ್ಲಿ ಕೂರುತ್ತಾನೆ. ವಿನ್ಸೆಂಟ್ ಎಂಬ ಮಾಣಿ ಕಾಫಿ ತಂದುಕೊಡುತ್ತಾನೆ. ಕಥೆ ಹೇಳುವವನಿಗೆ ಜಾಗ ಉಂಟು, ಹೊತ್ತು ಉಂಟು, ದುಡ್ಡು ಉಂಟು. ಆದರೂ ಆ ಪುಸ್ತಕ ಓದುವಾಗ ಒಂದು ಗಳಿಗೆ ಸಮಾಧಾನದಿಂದ ಉಸಿರಾಡಲು ಆಗುವುದಿಲ್ಲ. ಯಾಕೆಂದರೆ ತನ್ನ ಕಾಫಿಯ ದುಡ್ಡು ಎಲ್ಲಿಂದ ಬರುತ್ತದೆ, ಅದನ್ನು ಉಳಿಸಿಕೊಳ್ಳಲು ಮನೆಯವರು ಎಷ್ಟು ದೂರ ಹೋದಾರು ಎಂಬುದು ಅವನಿಗೆ ಗೊತ್ತು.

ಶಿಷ್ಯ: ನಾನು ಅದನ್ನು ಬೇರೆ ಥರ ಓದಿದೆ. ಮನೆಯಲ್ಲಿ ಆಡಲಾಗದ ಮಾತಿಗೆ ಆ ಕಾಫಿ ಹೌಸೇ ಅವನಿಗೆ ಆಸರೆ. ವಿನ್ಸೆಂಟ್ ಅವನಿಗೆ ಬೇಕಾದವನು. ನೀವು ಬಿಡುವನ್ನು ಕಂಡಲ್ಲೆಲ್ಲ ತಪ್ಪೊಪ್ಪಿಗೆ ಬರೆಸಿಕೊಳ್ಳುತ್ತೀರಿ ಟೀಚರ್. ಸುಮ್ಮನೆ ಕೂರುವ ಮನುಷ್ಯನಿಗೆ ಕಾರಣ ಕೊಡದೆ ಕೂರುವ ಹಕ್ಕು ಬೇಡವಾ?

ಟೀಚರ್: ಬೇಕು. ಆ ಹಕ್ಕು ವಿನ್ಸೆಂಟನಿಗೂ ಬೇಕು. ಅವನಿಗೆ ಅದು ಸಿಕ್ಕಿತಾ ಎಂದು ಕೇಳುವುದು ತಪ್ಪಾ? ಸರಿ, ನಿನಗೆ ತಪ್ಪೊಪ್ಪಿಗೆ ಇಲ್ಲದ ಬಿಡುವು ಬೇಕು ಅಲ್ಲವಾ, ದೇವನೂರ ಮಹಾದೇವರ 'ಒಡಲಾಳ'ಕ್ಕೆ ಬಾ. ಸಾಕವ್ವನ ಮನೆ. ಕದ್ದು ತಂದ ಕಡಲೆಕಾಯಿ ಮೂಟೆ ಬಂದಿದೆ. ಇಡೀ ಸಂಸಾರ, ಮಕ್ಕಳು ಮರಿ ಸಹಿತ, ಬೆಂಕಿಯ ಸುತ್ತ ಕೂತು ರಾತ್ರಿಯೆಲ್ಲ ತಿನ್ನುತ್ತಾರೆ, ಹರಟುತ್ತಾರೆ. ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಬೆಳಗಾದರೆ ಪೊಲೀಸರು ಬರುತ್ತಾರೆ ಎಂಬುದು ಓದುವವನಿಗೆ ಗೊತ್ತು. ಆದರೆ ಆ ರಾತ್ರಿಯಷ್ಟು ತುಂಬಿದ ಬಿಡುವನ್ನು ನಾನು ಕನ್ನಡದಲ್ಲಿ ಇನ್ನೆಲ್ಲೂ ಓದಿಲ್ಲ. ಹೊಟ್ಟೆ ತುಂಬಿದ ಮೇಲೆ ಮನುಷ್ಯರು ಎಷ್ಟು ಚಂದ ಮಾತಾಡುತ್ತಾರೆ ಎಂದು ಆ ಪುಟಗಳಲ್ಲಿ ಕಾಣುತ್ತದೆ. ನವಿಲು ಬರೆಯುವ ಕೈಗೆ ಯಾವ ಕಾರಣವನ್ನೂ ಮಹಾದೇವ ಕೊಡುವುದಿಲ್ಲ.

ಶಿಷ್ಯ: ಆ ಭಾಗ ಓದಿ ನಾನೂ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತೆ. ಕದ್ದ ಮಾಲಿನಿಂದ ಬಂದ ಸಂತೋಷ ಎಂದು ಒಂದು ಕ್ಷಣವೂ ಅನ್ನಿಸುವುದಿಲ್ಲ.

ಟೀಚರ್: ದುಡಿದವರಿಗೆ ಸಲ್ಲಬೇಕಾದದ್ದೇ ಅವರ ಮನೆಗೆ ಬಂತು ಎಂದು ಅನ್ನಿಸುವುದರಿಂದ. ಹೆಂಗಸರ ಬಿಡುವಿನ ಬಗ್ಗೆಯೂ ಹೀಗೆ ಬರೆದವರು ನಮ್ಮಲ್ಲಿ ಉಂಟು. ವೈದೇಹಿಯವರ ಅಮ್ಮಚ್ಚಿಯನ್ನು ನೋಡು. ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು, ವೆಂಕಪ್ಪಯ್ಯನ ಕಾವಲು. ಪೇಟೆ ಸುತ್ತಿ ಬರುವುದು ಎಂಬ ಸಣ್ಣ ಆಸೆಯೇ ದೊಡ್ಡ ಜಗಳ. ನಾನು ಕುಂದಾಪುರದಿಂದ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನನ್ನ ಪೇಟೆ ಸುತ್ತಾಟ ಆದದ್ದು ಲೇಡೀಸ್ ಡಬ್ಬಿಯಲ್ಲಿ. ಸಂಜೆಯ ರೈಲಿನಲ್ಲಿ ಹೆಂಗಸರು ರಾತ್ರಿಯ ಅಡುಗೆಗೆ ತರಕಾರಿ ಸೋಸುತ್ತಿದ್ದರು, ಹಾಡು ಹೇಳುತ್ತಿದ್ದರು, ಅರಿಸಿನ ಕುಂಕುಮ ಮಾಡುತ್ತಿದ್ದರು. ಮನೆ ಮುಟ್ಟಿದರೆ ಒಲೆ, ಶಾಲೆ ಮುಟ್ಟಿದರೆ ಹಾಜರಿ ಪುಸ್ತಕ. ನಡುವಿನ ಆ ಐವತ್ತು ನಿಮಿಷ ಯಾರೂ ನಮ್ಮನ್ನು ಏನೂ ಕೇಳುತ್ತಿರಲಿಲ್ಲ. ಕೂರಲು ಸೀಟಿಲ್ಲದಿದ್ದರೂ ಅದು ನಮ್ಮ ಜಾಗ.

ಶಿಷ್ಯ: ಜಾಗದ ಮಾತು ಬಂತೆಂದು ಕೇಳುತ್ತೇನೆ, ಈ ಕೆರೆ ಯಾರ ಜಾಗ? ಇದು 1891ರಲ್ಲಿ ಊರಿಗೆ ಕುಡಿಯುವ ನೀರು ಕೊಡಲು ಕಟ್ಟಿದ ಕೆರೆ. ನೀರು ಕುಡಿಯಲು ಆಗದೆ ಹೋಯಿತು. ಈಗ ಜನಕ್ಕೆ ಇದು ಗಾಳಿ ತಿನ್ನುವ ಜಾಗ. ಪಾಲಿಕೆಯವರು ಸುತ್ತ ಸೈಕಲ್ ದಾರಿ ಮಾಡಲು ಹೊರಟಾಗ ನನಗೆ ಖುಷಿಯಾಗಿತ್ತು. 2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಅದು ಕಾನೂನುಬಾಹಿರ ಎಂದು ಹೇಳಿ, ಹಾಕಿದ್ದನ್ನು ತೆಗೆದು ಜಾಗವನ್ನು ಮೊದಲಿನಂತೆ ಮಾಡಲು ಆದೇಶಿಸಿತು.

ಟೀಚರ್: ಕೋರ್ಟಿಗೆ ಹೋದವರಿಗೂ ಇದೇ ಕೆರೆ ಬೇಕಿತ್ತು. ದಾರಿ ಬೇಕೆಂದವರು ಸೈಕಲ್ಲಿನ ಬಿಡುವು ಕೇಳಿದರು, ಬೇಡವೆಂದವರು ಮೊಸಳೆಗೆ, ಹಕ್ಕಿಗೆ, ನೀರಿಗೆ ಜಾಗ ಕೇಳಿದರು. ನಾನು ಎರಡನೆಯವರ ಕಡೆ. ಕೆರೆಗೆ ಮಣ್ಣು ತುಂಬಿಸಿ ಅದರ ದಂಡೆಯಲ್ಲಿ ವಿಹಾರ ಮಾಡುವುದು ಎಷ್ಟು ದಿನ? ಆದರೆ ಈ ಎರಡೂ ಪಕ್ಷದಲ್ಲಿ ಇಲ್ಲದವರು ಇನ್ನೊಬ್ಬರು ಉಂಟು. ಆ ಬೆಂಚು ನೋಡು. ನಡುವೆ ಕಬ್ಬಿಣದ ಪಟ್ಟಿ ಹಾಕಿದ್ದಾರೆ, ಯಾರೂ ಮಲಗಬಾರದೆಂದು. ರಾತ್ರಿಪಾಳಿ ಮುಗಿಸಿದ ವಾಚ್‌ಮನ್ ಬೆಳಿಗ್ಗೆ ಎಂಟಕ್ಕೆ ಇಲ್ಲಿ ಬಂದು, ಬೂಟು ಬಿಚ್ಚಿ, ಕುತ್ತಿಗೆಯ ಪಟ್ಟಿ ಜೇಬಿಗೆ ಹಾಕಿ, ಬೆಂಚಿನ ಪಟ್ಟಿಯ ಈಚೆಗೆ ತಲೆ, ಆಚೆಗೆ ಕಾಲು ಆಗದೆ, ಕೂತಲ್ಲೇ ಗಲ್ಲ ಎದೆಗೆ ಊರಿ ನಿದ್ದೆ ಮಾಡುವುದನ್ನು ನಾನು ವಾಕಿಂಗಿಗೆ ಬಂದಾಗ ನೋಡುತ್ತೇನೆ. ಅವನ ಕೋಣೆಯಲ್ಲಿ ಆ ಹೊತ್ತಿಗೆ ಹಗಲುಪಾಳಿಯವನ ಹೆಂಡತಿ ಮಕ್ಕಳು ಇರುತ್ತಾರಂತೆ. ಒಂದೇ ಖೋಲಿಯನ್ನು ಹಂಚಿಕೊಂಡಿದ್ದಾರೆ. ನೀನು ಕೇಳಿದ ಪವಾಯಿಯ ಕಥೆ ಅಲ್ಲಿ ಕೂತಿದೆ.

ಶಿಷ್ಯ: ಅವನು ಉತ್ತರ ಪ್ರದೇಶದವನೋ ಬಿಹಾರದವನೋ ಇರಬೇಕು. ಕನ್ನಡದಲ್ಲಿ ಅವನ ಕಥೆ?

ಟೀಚರ್: ಇಂದ್ರನೀಲ, ದಗಡೂ ಪರಬ ಕನ್ನಡದವರಾಗಿದ್ದರಾ? ಈ ಊರಿನ ಕನ್ನಡ ಕಥೆ ಕಲಿಸಿದ್ದೇ ಅದನ್ನು. ಮನೆಯಲ್ಲಿ ಆಡುವ ಭಾಷೆ ಒಂದು, ರೈಲಿನಲ್ಲಿ ಇನ್ನೊಂದು, ಆಫೀಸಿನಲ್ಲಿ ಮತ್ತೊಂದು. ಹೊರಗಿನಿಂದ ಬಂದವನಿಗೆ ಹೊರಗಿನವನು ಬೇಗ ಕಾಣುತ್ತಾನೆ. ಕರಾವಳಿಯಿಂದ ಬಂದು ಹೋಟೆಲಿನ ಅಟ್ಟದ ಮೇಲೆ ಮಲಗಿದವರ ಮಕ್ಕಳು ನಾವು. ಬೆಂಚಿನ ಪಟ್ಟಿಯ ಕಥೆಯನ್ನು ನಾವು ಬರೆಯದಿದ್ದರೆ ಯಾರು ಬರೆಯಬೇಕು?

ಶಿಷ್ಯ: ಬರೆಯುವುದು ಆಮೇಲಿನ ಮಾತು ಟೀಚರ್. ಓದುವವರು ಯಾರು? ಪಾಲಿಕೆಯ ಕನ್ನಡ ಶಾಲೆಗಳು ಒಂದೊಂದೇ ಮುಚ್ಚುತ್ತಿವೆ. ನಮ್ಮ ಸಂಘದ ವಾಚನಾಲಯಕ್ಕೆ ರವಿವಾರ ಸಂಜೆ ಬರುವವರು ಪಿಂಚಣಿದಾರರು ಮಾತ್ರ.

ಟೀಚರ್: ರವಿವಾರ ಸಂಜೆ ತೆರೆದರೆ ಇನ್ಯಾರು ಬರುತ್ತಾರೆ? ಇಲ್ಲಿನ ಹೋಟೆಲುಗಳಲ್ಲಿ ಇನ್ನೂ ನಮ್ಮ ಊರಿನ ಹುಡುಗರು ಉಂಟು. ಅವರಿಗೆ ಆಗ ಉಸಿರಾಡಲು ಹೊತ್ತಿಲ್ಲ. ಅವರಿಗೆ ಪುರುಸೊತ್ತು ಊಟದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಹಿಟ್ಟು ತೆಗೆಯುವ ತನಕ, ಮೂರರಿಂದ ನಾಲ್ಕೂವರೆ. ಆಗ ಅವರು ಹೋಟೆಲಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಮೊಬೈಲ್ ನೋಡುತ್ತಾರೆ. ಆ ಹೊತ್ತಿಗೆ ವಾಚನಾಲಯ ತೆರೆಯಿರಿ, ಫ್ಯಾನ್ ಹಾಕಿ, ಎರಡು ಚಾಪೆ ಇಡಿ ಎಂದು ಕಮಿಟಿಯವರಿಗೆ ಹೇಳಿದೆ. ಚಾಪೆ ಯಾಕೆ ಎಂದು ಕೇಳಿದರು. ನಿದ್ದೆ ಬಂದವನು ಮಲಗಲಿ, ಎದ್ದ ಮೇಲೆ ತಲೆದೆಸೆಯಲ್ಲಿ ಇರುವ ಪುಸ್ತಕ ತೆಗೆದಾನು ಎಂದೆ. ಒಪ್ಪಿದ್ದಾರೆ. ಬೀಗದ ಕೈ ಇಟ್ಟುಕೊಳ್ಳಲು ಆ ಹೊತ್ತಿಗೆ ಯಾರೂ ಸಿಗುವುದಿಲ್ಲವಂತೆ. ಸೋಮವಾರ, ಶುಕ್ರವಾರ ನಾನು ಬರುತ್ತೇನೆ. ಬುಧವಾರ ನೀನು ಮನೆಯಿಂದಲೇ ಕೆಲಸ ಮಾಡುವುದಲ್ಲವಾ?

ಶಿಷ್ಯ: ಹೌದು. ಆದರೆ ಬುಧವಾರ ಮೂರೂವರೆಗೆ ಒಂದು ಮೀಟಿಂಗ್ ಇರುತ್ತದೆ, ಫೋನಿನಲ್ಲಿ.

ಟೀಚರ್: ಅಲ್ಲಿಂದಲೇ ಮಾತಾಡು. ಮಲಗಿದವರಿಗೆ ಎಚ್ಚರ ಆಗದ ಹಾಗೆ ಹೊರಗೆ ನಿಂತು ಮಾತಾಡು.

ಶಿಷ್ಯ: ಸರಿ. 'ಒಪೆರಾ ಹೌಸ್' ಇರುವ ಪುಸ್ತಕ ನನ್ನ ಹತ್ತಿರವೇ ಉಂಟು. ಅದನ್ನೂ ಅಲ್ಲಿಗೆ ತರಲಾ?

ಟೀಚರ್: ತಾ. 'ಒಡಲಾಳ'ವನ್ನೂ ತಾ. 'ಶಿಕಾರಿ' ಈಗ ಬೇಡ, ಸ್ವಲ್ಪ ದಿನ ಹೋಗಲಿ.